ಬಸವನಹುಳುವಿನ ಚಿಪ್ಪು ಒಡೆದಾಗ

ಮಳೆಗಾಲ ಹಿಡಿಯಿತೆಂದರೆ ಈ ಅಂಕಣಕ್ಕೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಕೇಳುವವರು ಬೇರೆ ಬೇರೆ, ಸಂದರ್ಭ ಹೆಚ್ಚುಕಡಿಮೆ ಒಂದೇ. ಬೆಳಗ್ಗೆ ಗೇಟು ತೆಗೆಯಲು ಹೋದವರ ಚಪ್ಪಲಿಯಡಿ ಏನೋ ಚಟ್ಟೆಂದಿರುತ್ತದೆ. ಇಲ್ಲವೇ ಹೂಕುಂಡ ಸರಿಸುವಾಗ ಅದರ ತಳಕ್ಕೆ ಅಂಟಿಕೊಂಡಿದ್ದ ಬಸವನಹುಳುವಿಗೆ ಪೆಟ್ಟು ಬಿದ್ದಿರುತ್ತದೆ. ಮನೆಯ ಮಗು ಅದನ್ನು ಎತ್ತಿಕೊಂಡು ಬಂದು, ಹೇಗಾದರೂ ಬದುಕಿಸಿ ಎಂದು ಹಟ ಹಿಡಿದಿರುತ್ತದೆ. ಅರಿಸಿನ ಹಚ್ಚಬಹುದೇ? ಒಡೆದ ಚೂರನ್ನು ಫೆವಿಕ್ವಿಕ್‌ನಂಥ ಅಂಟು ಹಾಕಿ ಕೂರಿಸಬಹುದೇ? ಚಿಪ್ಪು ಹೋದರೆ ಹುಳು ಬೇರೆ ಚಿಪ್ಪು ಹುಡುಕಿಕೊಳ್ಳುವುದಿಲ್ಲವೇ? ಕೆಲವರು ಇಷ್ಟು ಸಣ್ಣ ಜೀವದ ಬಗ್ಗೆ ಕೇಳುತ್ತಿದ್ದೇವಲ್ಲ ಎಂದು ಸಂಕೋಚಪಡುತ್ತಾರೆ. ಸಂಕೋಚಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಕಾಲಡಿ ಸಿಕ್ಕ ಜೀವವನ್ನು ಬಗ್ಗಿ ನೋಡುವವರಿಗೆ ಸರಿಯಾದ ಉತ್ತರ ಸಿಗಲೇಬೇಕು.

ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳಬೇಕು, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಖಾಲಿ ಶಂಖ ಹುಡುಕಿ ಒಳಸೇರುವುದು ಸಮುದ್ರದಂಡೆಯ ಸನ್ಯಾಸಿ ಏಡಿ. ಬಸವನಹುಳು ಮೊಟ್ಟೆಯಿಂದ ಹೊರಬರುವಾಗಲೇ ಚಿಪ್ಪು ಹೊತ್ತಿರುತ್ತದೆ. ಮೈ ಬೆಳೆದ ಹಾಗೆ ಅದೇ ಚಿಪ್ಪನ್ನು ಸುತ್ತಿನ ಮೇಲೆ ಸುತ್ತು ಹಾಕಿ ಬೆಳೆಸುತ್ತದೆ. ಚಿಪ್ಪಿನ ಒಳಗೆ ನಡುವೆ ಒಂದು ಕಂಬದಂಥ ಭಾಗವಿದೆ. ಗಟ್ಟಿ ಸ್ನಾಯುವೊಂದು ಮೈಯನ್ನು ಆ ಕಂಬಕ್ಕೆ ಬಿಗಿದಿರುತ್ತದೆ. ಹೃದಯ, ಮೂತ್ರಪಿಂಡ, ಉಸಿರಾಟದ ಚೀಲ, ಆಹಾರ ಅರಗಿಸುವ ದೊಡ್ಡ ಗ್ರಂಥಿ, ಇವೆಲ್ಲ ಇರುವುದು ಆ ಸುರುಳಿಯೊಳಗೇ. ಹೊರಗೆ ಕಾಣುವುದು ತಲೆ ಮತ್ತು ಪಾದ ಮಾತ್ರ. ಚಿಪ್ಪಿನಿಂದ ಎಳೆದು ತೆಗೆದ ಬಸವನಹುಳು ಬದುಕುವುದಿಲ್ಲ. ಪಕ್ಕದಲ್ಲಿ ಖಾಲಿ ಚಿಪ್ಪಿಟ್ಟರೆ ಅದು ಅದರೊಳಕ್ಕೆ ಹೋಗುವುದೂ ಇಲ್ಲ.

ಸಮಾಧಾನದ ಸಂಗತಿ ಏನೆಂದರೆ, ಚಿಪ್ಪನ್ನು ಕಟ್ಟಿದ ಅಂಗವೇ ಅದರ ದುರಸ್ತಿಯನ್ನೂ ಮಾಡಬಲ್ಲದು. ಮನುಷ್ಯರ ಪಾಲಿಗೆ ಬರುವ ದೊಡ್ಡ ಕೆಲಸ ಎರಡು ಸಲ ಸರಿಯಾಗಿ ನೋಡುವುದು. ಚಿಪ್ಪು ಎಲ್ಲಿ ಒಡೆದಿದೆ ಎಂದು ಒಮ್ಮೆ, ಇದು ಯಾವ ಜಾತಿಯ ಬಸವನಹುಳು ಎಂದು ಇನ್ನೊಮ್ಮೆ. ಮೊದಲ ನೋಟ ಅದು ಉಳಿಯುತ್ತದೆಯೇ ಎಂದು ತಿಳಿಸುತ್ತದೆ. ಉಳಿದರೆ ಅದನ್ನು ತೋಟಕ್ಕೆ ಬಿಡಬಹುದೇ ಎಂಬುದು ಎರಡನೆಯ ನೋಟದಿಂದ ಗೊತ್ತಾಗುತ್ತದೆ.

ಬೆಳೆಯುತ್ತಿರುವ ಬಸವನಹುಳುವಿನ ಚಿಪ್ಪಿನ ಬಾಯಂಚನ್ನು ಭೂತಗನ್ನಡಿ ಹಿಡಿದು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಅಂಚಿನ ಕೊನೆಯ ಭಾಗ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳು, ಬೆಳಕು ಅದರ ಮೂಲಕ ಹಾಯುತ್ತದೆ. ಅದಕ್ಕೆ ಒಳಗಿನಿಂದ ಒತ್ತಿಕೊಂಡು ಮಾಂಸದ ಒಂದು ದಪ್ಪ ಪಟ್ಟಿ ಕಾಣುತ್ತದೆ. ಅದೇ ಮ್ಯಾಂಟಲ್‌ನ ಅಂಚು. ಮ್ಯಾಂಟಲ್ ಎಂದರೆ ಚಿಪ್ಪಿನ ಒಳಮೈಗೆ ತಾಗಿಕೊಂಡಿರುವ ಮೃದು ಪೊರೆ. ಚಿಪ್ಪು ಹುಟ್ಟುವುದು ಅದರಿಂದ. ಅಂಚಿನ ಭಾಗ ಮೊದಲು ಪ್ರೋಟೀನಿನ ತೆಳು ಹಾಳೆಯೊಂದನ್ನು ಹೊರಚಾಚುತ್ತದೆ. ಚಿಪ್ಪಿನ ಹೊಳಪು ಮತ್ತು ಹೊರಪದರ ಅದೇ. ಅದರ ಒಳಬದಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳುಗಳು ಪದರ ಪದರವಾಗಿ ಕೂರುತ್ತವೆ, ಒಂದು ಪದರದ ಹರಳುಗಳು ಇನ್ನೊಂದಕ್ಕೆ ಅಡ್ಡವಾಗಿ. ಇಷ್ಟು ತೆಳುವಾದ ವಸ್ತುವಿಗೆ ಅಷ್ಟು ಗಟ್ಟಿತನ ಬಂದಿರುವುದು ಈ ಅಡ್ಡ ಹೆಣಿಗೆಯಿಂದ.

ಹೀಗಾಗಿ ಬಾಯಂಚು ಚೂರಾಗಿದ್ದರೆ ಗಾಬರಿ ಬೇಡ. ಅಲ್ಲಿ ಮ್ಯಾಂಟಲ್‌ನ ಅಂಚು ಪದರಗಳನ್ನೆಲ್ಲ ಹೊಸದಾಗಿ ಹಾಕಬಲ್ಲದು, ಬಣ್ಣದ ಪಟ್ಟೆಗಳನ್ನೂ ಸೇರಿಸಿ. ತೇವ ಮತ್ತು ಸುಣ್ಣದ ಅಂಶ ಸಿಕ್ಕರೆ ಎಳೆಯ ಬಸವನಹುಳು ಇಂಥ ಗಾಯವನ್ನು ತಾನೇ ನಿಭಾಯಿಸಿಕೊಳ್ಳುತ್ತದೆ.

ಅಂಚಿನಿಂದ ದೂರದಲ್ಲಿ, ಚಿಪ್ಪಿನ ಬೆನ್ನಿನ ಮೇಲೆ ಬಿರುಕು ಬಿಟ್ಟಿದ್ದರೆ ಅಥವಾ ಸಣ್ಣ ಚೂರು ಹಾರಿಹೋಗಿದ್ದರೆ ಕಥೆ ಬೇರೆ. ಹೊರಪದರ ಹಾಕುವ ಸಾಮರ್ಥ್ಯ ಇರುವುದು ಅಂಚಿಗೆ ಮಾತ್ರ. ಬೆನ್ನಿನ ಭಾಗದ ಮ್ಯಾಂಟಲ್ ಒಳಗಿನಿಂದ ತೇಪೆ ಹಾಕಬಲ್ಲದು, ಅಷ್ಟೇ. ತೂತಾದ ಕೆಲವೇ ದಿನಗಳಲ್ಲಿ ಅಲ್ಲೊಂದು ತೆಳು ಪೊರೆ ಕಟ್ಟುತ್ತದೆ. ಮುಟ್ಟಿದರೆ ಹರಿಯುವಷ್ಟು ಮೆತ್ತಗಿನ ಪೊರೆ ಅದು. ಜೀರ್ಣಗ್ರಂಥಿಯಲ್ಲಿ ಕೂಡಿಟ್ಟ ಕ್ಯಾಲ್ಸಿಯಂ ರಕ್ತದ ಮೂಲಕ ಆ ಜಾಗಕ್ಕೆ ಬಂದು, ಪೊರೆಯ ಮೇಲೆ ಹರಳುಗಟ್ಟತೊಡಗುತ್ತದೆ. ವಾರಗಳು ಕಳೆದಂತೆ ತೇಪೆ ಗಟ್ಟಿಯಾಗುತ್ತದೆ. ಅದು ಬೆಳ್ಳಗೆ, ಮಂಕಾಗಿ, ಸ್ವಲ್ಪ ಒರಟಾಗಿ ಉಳಿದುಬಿಡುತ್ತದೆ, ಮೊದಲಿನ ಹೊಳಪು ಬರುವುದಿಲ್ಲ. ಕೆಲಸಕ್ಕೇನೂ ಅಡ್ಡಿಯಿಲ್ಲ.

ಈ ಕಲೆಗಳನ್ನು ಓದುವುದನ್ನೇ ವಿದ್ಯೆಯಾಗಿ ಬೆಳೆಸಿದವರಿದ್ದಾರೆ. ನೆದರ್ಲೆಂಡ್ಸ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಹೀರಾಟ್ ವರ್ಮೈ ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡವರು. ಬೆರಳಿನಿಂದ ತಡವಿ ಚಿಪ್ಪುಗಳನ್ನು ಅಧ್ಯಯನ ಮಾಡಿದ ಅವರು, ಸಮುದ್ರದ ಶಂಖಗಳ ಮೇಲಿನ ಮಾಸಿದ ಗಾಯಗಳು ಏಡಿಗಳ ಕೊಂಡಿಯಿಂದ ತಪ್ಪಿಸಿಕೊಂಡದ್ದಕ್ಕೆ ಗುರುತು ಎಂದು ತೋರಿಸಿದರು. ಕೋಟ್ಯಂತರ ವರ್ಷ ಹಳೆಯ ಪಳೆಯುಳಿಕೆಯ ಚಿಪ್ಪುಗಳಲ್ಲೂ ಅಂಥ ತೇಪೆಗಳಿವೆ. ಮುರಿದು ಕೂಡಿಕೊಳ್ಳುವುದು ಈ ಕುಲಕ್ಕೆ ಹೊಸತಲ್ಲ. ಅಂಗಳದ ಬಸವನಹುಳುವಿನ ಚಿಪ್ಪನ್ನು ಕೈಗೆತ್ತಿಕೊಂಡು ನೋಡಿದರೂ ಹಳೆಯದೊಂದು ಬಿಳಿ ಗೆರೆ ಕಾಣುವುದು ಅಪರೂಪವಲ್ಲ.

ಕಷ್ಟವಿರುವುದು ಮೂರನೆಯ ಬಗೆಯ ಗಾಯದಲ್ಲಿ. ಚಿಪ್ಪಿನ ತುದಿಯ ಸುರುಳಿ ಜಜ್ಜಿಹೋಗಿ ಒಳಗಿನ ಅಂಗ ಹೊರಬಂದಿದ್ದರೆ, ಮ್ಯಾಂಟಲ್ ಹರಿದಿದ್ದರೆ, ಮೈ ಚಿಪ್ಪಿನಿಂದ ಕಿತ್ತು ಜೋತಾಡುತ್ತಿದ್ದರೆ ಬದುಕುವ ಸಾಧ್ಯತೆ ತೀರಾ ಕಡಿಮೆ. ನೋಡುವವರು ಒಂದು ಗುರುತು ನೆನಪಿಡಬೇಕು. ಬಸವನಹುಳುವಿನ ರಕ್ತ ಕೆಂಪಗಿರುವುದಿಲ್ಲ. ಆಮ್ಲಜನಕ ಹೊರಲು ಅದರಲ್ಲಿರುವುದು ತಾಮ್ರದ ಅಂಶದ ಹಿಮೋಸಯನಿನ್. ಗಾಯದಿಂದ ನಸುನೀಲಿ ನೀರಿನಂಥ ದ್ರವ ಜಿನುಗುತ್ತಿದ್ದರೆ ಅದು ರಕ್ತ. ಬರೇ ನೊರೆ, ಗುಳ್ಳೆ ಬಂದರೆ ಅದು ಹೆದರಿದ ಹುಳು ಹೊರಹಾಕುವ ಲೋಳೆ, ಸ್ವಲ್ಪ ಹೊತ್ತಿನಲ್ಲಿ ನಿಲ್ಲುತ್ತದೆ.

ಮೊದಲ ಗಂಟೆಯಲ್ಲಿ ಮಾಡಬೇಕಾದದ್ದು ಬಹಳ ಸರಳ. ಕೈಗೆ ಗ್ಲೌಸ್ ಹಾಕಿಕೊಂಡು, ಬೆರಳು ಒದ್ದೆ ಮಾಡಿಕೊಂಡು ಹುಳುವನ್ನು ಎತ್ತಬೇಕು. ಅದು ಗೋಡೆಗೋ ಕುಂಡಕ್ಕೋ ಕಚ್ಚಿಕೊಂಡಿದ್ದರೆ ಚಿಪ್ಪು ಹಿಡಿದು ಎಳೆಯಬಾರದು. ಎಳೆದರೆ ಒಳಗಿನ ಸ್ನಾಯುವೂ ಮ್ಯಾಂಟಲ್ಲೂ ಹರಿಯುತ್ತವೆ. ಪಾದದ ಮುಂದೆ ನೀರು ಬಿಟ್ಟು, ತಲೆಯ ಕಡೆಯಿಂದ ಮೆಲ್ಲಗೆ ಜಾರಿಸಿದರೆ ತಾನಾಗಿ ಬಿಡುತ್ತದೆ. ಗಾಯದಲ್ಲಿ ಮಣ್ಣು ಮೆತ್ತಿದ್ದರೆ ಉಗುರುಬೆಚ್ಚಗಿನ ಸಾದಾ ನೀರನ್ನು ಹನಿ ಹನಿಯಾಗಿ ಬಿಟ್ಟು ತೊಳೆಯಬೇಕು. ಪೊರೆಗೆ ಅಂಟಿಕೊಂಡಿರುವ ಚಿಪ್ಪಿನ ಚೂರುಗಳನ್ನು ಕೀಳುವ ಗೋಜಿಗೆ ಹೋಗಬಾರದು. ಅವು ಅಲ್ಲೇ ಇದ್ದರೆ ಮ್ಯಾಂಟಲ್ ಅವುಗಳನ್ನೂ ಸೇರಿಸಿಕೊಂಡು ತೇಪೆ ಕಟ್ಟುತ್ತದೆ. ಬೇರೆಯಾಗಿ, ಮೊನಚಾಗಿ ಮಾಂಸಕ್ಕೆ ಚುಚ್ಚುತ್ತಿರುವ ಚೂರನ್ನು ಮಾತ್ರ ತೆಗೆಯಬಹುದು.

ನಂತರ ಅದಕ್ಕೊಂದು ತಂಪಾದ, ಮಬ್ಬುಗತ್ತಲಿನ ಡಬ್ಬಿ ಬೇಕು. ಗಾಳಿಯಾಡಲು ಮುಚ್ಚಳದಲ್ಲಿ ಸಣ್ಣ ತೂತುಗಳಿರುವ ಪ್ಲಾಸ್ಟಿಕ್ ಡಬ್ಬಿ ಸಾಕು. ತಳಕ್ಕೆ ಒದ್ದೆ ಮಾಡಿ ಹಿಂಡಿದ ಟಿಶ್ಯೂ ಕಾಗದ ಹಾಸಿ, ದಿನಾ ಬದಲಿಸಬೇಕು. ಗಾಯ ತೆರೆದಿರುವಷ್ಟು ದಿನ ಮಣ್ಣು ಬೇಡ. ತೆಂಗಿನ ನಾರಿನ ಪುಡಿಯನ್ನು ನರ್ಸರಿಯಿಂದ ತಂದು ಹಾಸುವವರಿದ್ದಾರೆ. ಚೆನ್ನಾಗಿ ತೊಳೆಯದ ನಾರಿನ ಪುಡಿಯಲ್ಲಿ ಉಪ್ಪಿನಂಶ ಉಳಿದಿರುತ್ತದೆ, ಉಪ್ಪು ಬಸವನಹುಳುವಿನ ಮೈಯ ನೀರನ್ನೇ ಎಳೆದುಹಾಕುತ್ತದೆ. ಗಾಯಗೊಂಡ ಬಸವನಹುಳುವಿಗೆ ಅತಿ ದೊಡ್ಡ ಅಪಾಯ ಒಣಗುವುದು. ತೂತಾದ ಚಿಪ್ಪಿನಿಂದ ತೇವ ಹಾರಿಹೋಗುತ್ತಲೇ ಇರುತ್ತದೆ. ಹಾಗೆಂದು ನೀರಿನಲ್ಲಿ ಮುಳುಗಿಸಿದರೆ ಉಸಿರುಕಟ್ಟಿ ಸಾಯುತ್ತದೆ. ಇದು ಗಾಳಿ ಉಸಿರಾಡುವ ಪ್ರಾಣಿ.

ಎರಡನೆಯ ಅಪಾಯ ನಮ್ಮ ಊರಿನ ಯಾವ ಮನೆಯಲ್ಲೂ ಇರುವಂಥದ್ದು: ಇರುವೆ. ರಕ್ತದ ವಾಸನೆ ಹಿಡಿದು ಬಂದ ಇರುವೆ ಸಾಲು ಒಂದೇ ರಾತ್ರಿಯಲ್ಲಿ ಎಲ್ಲ ಮುಗಿಸಿಬಿಡುತ್ತದೆ. ತಟ್ಟೆಯಲ್ಲಿ ನೀರು ಹಾಕಿ, ನಡುವೆ ಬಟ್ಟಲು ಬೋರಲಿಟ್ಟು, ಅದರ ಮೇಲೆ ಡಬ್ಬಿ ಇಡುವ ಹಳೆಯ ಉಪಾಯ ಇಲ್ಲಿ ಚೆನ್ನಾಗಿ ನಡೆಯುತ್ತದೆ. ಗಾಯದ ಮೇಲೆ ಸಣ್ಣ ನೊಣಗಳು ಮೊಟ್ಟೆಯಿಡುವುದೂ ಉಂಟು. ಮುಚ್ಚಳದ ತೂತಿನ ಮೇಲೆ ಹಳೆಯ ಸೊಳ್ಳೆಪರದೆಯ ತುಂಡು ಕಟ್ಟಿದರೆ ಆ ಚಿಂತೆಯೂ ಇಲ್ಲ.

ಇನ್ನು ಅರಿಸಿನದ ವಿಷಯ. ಮನುಷ್ಯರ ಗಾಯಕ್ಕೆ ಅರಿಸಿನ ಒತ್ತುವ ಅಭ್ಯಾಸ ನಮಗೆ ಕೈಗಂಟಿದೆ. ಬಸವನಹುಳುವಿನ ಚರ್ಮ ಒಣಗಿದ ಮೇಲ್ಪದರವಿಲ್ಲದ, ಸದಾ ಒದ್ದೆಯಾಗಿರುವ ಚರ್ಮ; ಯಾವ ಪುಡಿ ಹಾಕಿದರೂ ತೇವ ಹೀರಿಕೊಂಡು ಸುಡುತ್ತದೆ. ಡೆಟಾಲ್, ಅಯೋಡಿನ್, ಮನುಷ್ಯರ ಮುಲಾಮು ಯಾವುದೂ ಬೇಡ. ಎಲೆಯಡಿಕೆಯ ಸುಣ್ಣವನ್ನು ಚಿಪ್ಪಿಗೆ ಹಚ್ಚುವುದಂತೂ ಕೂಡದು. ಸುಣ್ಣವೇ ಬೇಕಲ್ಲ ಎಂಬ ತರ್ಕ ಸಹಜ, ಆದರೆ ಅದು ತೀಕ್ಷ್ಣ ಕ್ಷಾರ, ಚರ್ಮವನ್ನು ಬೇಯಿಸಿಬಿಡುತ್ತದೆ. ಬಸವನಹುಳುವಿಗೆ ಬೇಕಾದ ಸುಣ್ಣ ಅಮೃತಶಿಲೆ, ಮೊಟ್ಟೆ ಚಿಪ್ಪಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್. ಅದೂ ಹೊಟ್ಟೆಯ ದಾರಿಯಿಂದ, ಪಾದದ ದಾರಿಯಿಂದ ಒಳಹೋಗಬೇಕು.

ಅಂಟಿನ ವಿಷಯದಲ್ಲಿ ಈ ಅಂಕಣದ ನಿಲುವು ಸ್ಪಷ್ಟ: ಬೇಡ. ಬೇಗ ಒಣಗುವ ಅಂಟುಗಳು ಗಟ್ಟಿಯಾಗುವಾಗ ಬಿಸಿ, ಘಾಟು ಎರಡೂ ಹುಟ್ಟುತ್ತವೆ. ಬಿರುಕಿನೊಳಗೆ ಇಳಿದ ಅಂಟು ಪೊರೆ ಕಟ್ಟಬೇಕಾದ ಜಾಗವನ್ನೇ ತುಂಬಿಕೊಳ್ಳುತ್ತದೆ. ದೊಡ್ಡ ತೂತಾಗಿ ಒಳಗಿನ ಮಾಂಸ ಕಾಣುತ್ತಿದ್ದರೆ ಬಸವನಹುಳು ಸಾಕುವವರು ಬಳಸುವ ಒಂದು ಸೌಮ್ಯ ಉಪಾಯವಿದೆ. ಕೋಳಿಮೊಟ್ಟೆಯ ಚಿಪ್ಪಿನ ಒಳಗೆ ಬಿಳಿಯ ತೆಳು ಪೊರೆ ಇರುತ್ತದಲ್ಲ, ಅದರ ಒಂದು ತುಂಡನ್ನು ತೊಳೆದು ತೂತಿನ ಮೇಲೆ ಹೊದಿಸುವುದು. ಅದು ಒಣಗುತ್ತಾ ಚಿಪ್ಪಿಗೆ ಅಂಟಿಕೊಂಡು ತೇವ ಹಿಡಿದಿಡುತ್ತದೆ. ಒಳಗೆ ಸ್ವಂತ ಪೊರೆ ಕಟ್ಟುವವರೆಗೆ ಅಷ್ಟು ಆಸರೆ ಸಾಕು.

ಸುಣ್ಣದ ಮಾತಿಗೆ ಸ್ವಲ್ಪ ಹೆಚ್ಚು ಜಾಗ ಕೊಡಬೇಕು. ಮಳೆಗಾಲದಲ್ಲಿ ಸುಣ್ಣ ಬಳಿದ ಗೋಡೆಯ ಮೇಲೆ ಬಸವನಹುಳುಗಳು ಹತ್ತಿ ಕೂತಿರುವುದನ್ನು ಎಲ್ಲರೂ ನೋಡಿರುತ್ತಾರೆ. ಅವು ನಾಲಿಗೆಯ ಮೇಲಿನ ಸಾವಿರಾರು ಸೂಕ್ಷ್ಮ ಹಲ್ಲುಗಳಿಂದ ಗೋಡೆಯನ್ನು ಕೆರೆದು ಸುಣ್ಣ ತಿನ್ನುತ್ತಿರುತ್ತವೆ. ತೀರಾ ಬರ ಬಂದರೆ ಒಂದು ಇನ್ನೊಂದರ ಚಿಪ್ಪನ್ನೇ ಕೆರೆಯುತ್ತದೆ. ಗಾಯಗೊಂಡದ್ದನ್ನು ಬೇರೆ ಬಸವನಹುಳುಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡಬಾರದು ಎನ್ನುವುದು ಇದಕ್ಕೇ. ಮಲೆನಾಡು, ಕರಾವಳಿಯಲ್ಲಿ ಈ ಬರ ಸಹಜವಾದದ್ದು. ಜೋರು ಮಳೆ ಜಂಬಿಟ್ಟಿಗೆ ನೆಲದ ಸುಣ್ಣದಂಶವನ್ನು ತೊಳೆದುಕೊಂಡು ಹೋಗುತ್ತದೆ, ಮಣ್ಣು ಹುಳಿಯಾಗುತ್ತದೆ. ಅಡಿಕೆ ತೋಟಕ್ಕೆ ಸುಣ್ಣ ಹಾಕುವ ಕೃಷಿಕರಿಗೆ ಇದು ಗೊತ್ತಿರುವ ಮಾತೇ.

ಮಣ್ಣಿನ ಸುಣ್ಣ ಕಡಿಮೆಯಾದರೆ ಕೇಡು ಬಸವನಹುಳುವಿನಲ್ಲೇ ನಿಲ್ಲುವುದಿಲ್ಲ. ನೆದರ್ಲೆಂಡ್ಸ್‌ನ ಕಾಡುಗಳಲ್ಲಿ ಆಮ್ಲಮಳೆಯಿಂದ ಮಣ್ಣು ಹುಳಿಯಾಗಿ ಬಸವನಹುಳುಗಳು ಕಡಿಮೆಯಾದಾಗ, ಚಿಟ್ಟುಹಕ್ಕಿಗಳ ಮೊಟ್ಟೆಯ ಚಿಪ್ಪು ತೆಳ್ಳಗಾಗಿ ಒಡೆಯತೊಡಗಿತು. ಮೊಟ್ಟೆಯಿಡುವ ಕಾಲಕ್ಕೆ ಆ ಹಕ್ಕಿಗಳು ಕ್ಯಾಲ್ಸಿಯಂಗಾಗಿ ನಂಬಿದ್ದು ಬಸವನಹುಳುವಿನ ಚಿಪ್ಪುಗಳನ್ನೇ. ಯಾಪ್ ಗ್ರಾವೆಲಂಡ್ ಮತ್ತು ಸಂಗಡಿಗರು 1994ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಚಿಪ್ಪು ಎನ್ನುವುದು ಕಾಡಿನಲ್ಲಿ ಕೈ ಬದಲಾಯಿಸುವ ಸುಣ್ಣ. ಬಸವನಹುಳು ಮಣ್ಣಿನಿಂದ ಅದನ್ನು ಕೂಡಿಡುತ್ತದೆ, ಹಕ್ಕಿಗೆ ಅದು ಮೊಟ್ಟೆಯಾಗುತ್ತದೆ.

ಡಬ್ಬಿಯಲ್ಲಿರುವ ಗಾಯಾಳುವಿಗೆ ಕೋಳಿಮೊಟ್ಟೆಯ ಚಿಪ್ಪನ್ನು ಕುದಿಸಿ, ಒಣಗಿಸಿ, ನುಣ್ಣಗೆ ಪುಡಿ ಮಾಡಿ ಒಂದು ಮೂಲೆಯಲ್ಲಿ ಇಡಬಹುದು. ಅದಕ್ಕಿಂತ ಒಳ್ಳೆಯದು ಕಟಲ್ ಬೋನ್, ಸಾಕುಹಕ್ಕಿಗಳ ಅಂಗಡಿಯಲ್ಲಿ ಪಂಜರಕ್ಕೆ ಸಿಕ್ಕಿಸಲು ಮಾರುವ ಬಿಳಿಯ ಹಗುರ ತುಂಡು. ಗ್ರಂಥಿಗೆ ಅಂಗಡಿಯಲ್ಲಿ ಸಮುದ್ರಫೇನ ಎಂದು ಕೇಳಿದರೂ ಅದೇ ಸಿಗುತ್ತದೆ. ಮೆತ್ತಗಿರುವುದರಿಂದ ಬಸವನಹುಳು ಸುಲಭವಾಗಿ ಕೆರೆದು ತಿನ್ನುತ್ತದೆ. ಸಮುದ್ರದ್ದಾದ್ದರಿಂದ ಉಪ್ಪು ಉಳಿದಿರಬಹುದು, ಒಂದು ರಾತ್ರಿ ನೀರಿನಲ್ಲಿ ನೆನೆಸಿ ತೊಳೆದುಕೊಂಡರೆ ಸಾಕು. ಊಟಕ್ಕೆ ಸೌತೆಕಾಯಿ, ಕ್ಯಾರೆಟ್, ಎಲೆಕೋಸು. ಪಾಲಕ್ ಮತ್ತು ಹರಿವೆ ಸೊಪ್ಪು ಈ ಹೊತ್ತಿನಲ್ಲಿ ಬೇಡ. ಅವುಗಳಲ್ಲಿರುವ ಆಕ್ಸಾಲಿಕ್ ಆಮ್ಲ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕಿ ಮೈಗೆ ಹತ್ತದಂತೆ ಮಾಡುತ್ತದೆ. ಅಡಿಕೆ ತೋಟದಿಂದ ಕಿತ್ತ ಎಲೆಗಳನ್ನು ಹಾಕುವವರು ಒಂದು ಎಚ್ಚರ ವಹಿಸಬೇಕು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತವಿದೆ, ಅದರ ತಾಮ್ರ ಬಸವನಹುಳುವಿಗೆ ವಿಷ. ತಾಮ್ರದ ತಂಬಿಗೆಯಲ್ಲಿ ಇಟ್ಟ ನೀರೂ ಈ ಕಾರಣಕ್ಕೆ ಬೇಡ. ನಲ್ಲಿ ನೀರಾದರೆ ರಾತ್ರಿ ತೆರೆದಿಟ್ಟು ಬೆಳಗ್ಗೆ ಬಳಸಬಹುದು.

ಎರಡು ಮೂರು ದಿನ ಏನೂ ತಿನ್ನದೆ ಒಳಗೇ ಕೂತಿದ್ದರೆ ಸತ್ತಿದೆ ಎಂದು ತೀರ್ಮಾನಿಸಬಾರದು. ಬಸವನಹುಳುವಿನ ಸಾವಿನ ಬಗ್ಗೆ ಅವಸರಪಟ್ಟು ಮೋಸಹೋದವರಲ್ಲಿ ದೊಡ್ಡ ಸಂಸ್ಥೆಯೇ ಇದೆ. ಈಜಿಪ್ಟಿನ ಮರುಭೂಮಿಯ ಬಸವನಹುಳುವೊಂದನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ 1846ರ ಮಾರ್ಚ್‌ನಲ್ಲಿ ರಟ್ಟಿನ ಹಾಳೆಗೆ ಅಂಟಿಸಿ ಪ್ರದರ್ಶನಕ್ಕಿಟ್ಟರು. ನಾಲ್ಕು ವರ್ಷದ ಮೇಲೆ, 1850ರಲ್ಲಿ, ರಟ್ಟಿನ ಮೇಲೆ ಲೋಳೆಯ ಗುರುತು ಕಂಡವರು ಅದನ್ನು ಉಗುರುಬೆಚ್ಚಗಿನ ನೀರಿಗೆ ಹಾಕಿದರು. ಅದು ತಲೆ ಹೊರಹಾಕಿತು, ಮುಂದೆ ಎಲೆಕೋಸು ತಿಂದುಕೊಂಡು ಇನ್ನೂ ಎರಡು ವರ್ಷ ಬದುಕಿತು. ಒಣಹವೆಯಲ್ಲಿ ಬಸವನಹುಳುಗಳು ಚಿಪ್ಪಿನ ಬಾಯಿಗೆ ಲೋಳೆಯ ಪರದೆ ಹಾಕಿಕೊಂಡು ತಿಂಗಳುಗಟ್ಟಲೆ ಮಲಗುತ್ತವೆ. ಬದುಕಿದೆಯೇ ಎಂದು ನೋಡಲು ಬಾಯಿಯ ಹತ್ತಿರ ಎರಡು ಹನಿ ನೀರು ಬಿಟ್ಟು ಕಾಯಬೇಕು, ಕಡ್ಡಿಯಿಂದ ಚುಚ್ಚಬಾರದು. ನಿಜವಾಗಿ ಸತ್ತಿದ್ದರೆ ಒಂದೆರಡು ದಿನದಲ್ಲೇ ಕೊಳೆತ ನಾತ ಹೇಳಿಬಿಡುತ್ತದೆ.

ಕೊಂಬು ತುಂಡಾಗಿದೆ ಎಂದು ಬರೆಯುವವರೂ ಇದ್ದಾರೆ. ಮೇಲಿನ ಉದ್ದದ ಜೋಡಿಯ ತುದಿಯಲ್ಲಿ ಕಣ್ಣಿದೆ. ಕೆಳಗಿನ ಗಿಡ್ಡ ಜೋಡಿ ಮುಟ್ಟಿ, ಮೂಸಿ ನೋಡಲು. ಎರಡೂ ಮತ್ತೆ ಬೆಳೆಯುತ್ತವೆ, ಕಣ್ಣು ಸಮೇತ. ನೀರಿನಲ್ಲಿ ಬದುಕುವ ಆಪಲ್ ಸ್ನೇಲ್ ಎಂಬ ಇವುಗಳ ಸಂಬಂಧಿ, ಕಿತ್ತುಹೋದ ಕಣ್ಣನ್ನು ಮಸೂರ ಮತ್ತು ಅಕ್ಷಿಪಟ ಸಹಿತ ಸುಮಾರು ಒಂದು ತಿಂಗಳಲ್ಲಿ ಹೊಸದಾಗಿ ಬೆಳೆಸಿಕೊಳ್ಳುವುದನ್ನು ಅಲಿಸ್ ಅಕ್ಕೊರ್ಸಿ ಎಂಬ ವಿಜ್ಞಾನಿಯ ತಂಡ 2025ರಲ್ಲಿ ವಿವರವಾಗಿ ದಾಖಲಿಸಿದೆ. ಕೊಂಬು ಹೋದ ಬಸವನಹುಳುವಿಗೆ ಬೇರೆ ಆರೈಕೆಯೇ ಬೇಡ, ಇದ್ದಲ್ಲಿಯೇ ಬಿಟ್ಟರಾಯಿತು.

ಇಂಥ ಗಾಯಗಳಿಂದ ಬಸವನಹುಳುವಿಗೆ ನೋವಾಗುತ್ತದೆಯೇ ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಮಾರ್ಟಿನ್ ಕವಲಿಯರ್ಸ್ ಮತ್ತು ಸಂಗಡಿಗರು 1983ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ನೆನಪಾಗುತ್ತದೆ. ಬಿಸಿ ತಟ್ಟೆಯ ಮೇಲಿಟ್ಟ ಬಸವನಹುಳು ಪಾದದ ಮುಂಭಾಗವನ್ನು ಮೇಲೆತ್ತುತ್ತದೆ. ಮಾರ್ಫಿನ್ ಕೊಟ್ಟರೆ ಎತ್ತುವುದು ತಡವಾಗುತ್ತದೆ; ಮಾರ್ಫಿನ್ನಿನ ಕೆಲಸ ತಡೆಯುವ ಮದ್ದು ಕೊಟ್ಟರೆ ಮತ್ತೆ ಬೇಗ ಎತ್ತುತ್ತದೆ. ನಮ್ಮ ನೋವು ಕಡಿಮೆ ಮಾಡುವ ಮದ್ದು ಅದರ ಮೈಯಲ್ಲೂ ಕೆಲಸ ಮಾಡುತ್ತದೆ. ಅದು ನೋವನ್ನು ಮನುಷ್ಯರಂತೆಯೇ ಅನುಭವಿಸುತ್ತದೆ ಎನ್ನಲು ಇಷ್ಟು ಸಾಲದು. ಆದರೆ ಅದನ್ನು ಮೃದುವಾಗಿ ನಡೆಸಿಕೊಳ್ಳಬೇಕು ಎನ್ನಲು ಧಾರಾಳವಾಗಿ ಸಾಕು.

ಈಗ ಎರಡನೆಯ ನೋಟ. ಬೆಂಗಳೂರು, ಮೈಸೂರು, ಮಂಗಳೂರಿನ ಅಂಗಳಗಳಲ್ಲಿ ಇಂದು ಕಣ್ಣಿಗೆ ಬೀಳುವ ದೊಡ್ಡ ಬಸವನಹುಳು ಹೆಚ್ಚಾಗಿ ಆಫ್ರಿಕಾದ ದೈತ್ಯ ಬಸವನಹುಳು. ಅದನ್ನು ಭಾರತಕ್ಕೆ ತಂದವರ ಹೆಸರು ದಾಖಲೆಯಲ್ಲಿದೆ. ಚಿಪ್ಪುಜೀವಿಗಳ ಅಧ್ಯಯನ ಮಾಡುತ್ತಿದ್ದ ವಿಲಿಯಂ ಹೆನ್ರಿ ಬೆನ್ಸನ್ ಮಾರಿಷಸ್‌ನಿಂದ ತಂದ ಹುಳುಗಳು 1847ರಲ್ಲಿ ಕಲ್ಕತ್ತೆಯ ಚೌರಂಗಿಯ ತೋಟ ಸೇರಿದವು. ಅಲ್ಲಿಂದ ಹಬ್ಬಿದ್ದು ದೇಶವಿಡೀ ಆವರಿಸಿದೆ. ಒಂದು ಸಲಕ್ಕೆ ನೂರಾರು ಮೊಟ್ಟೆ ಇಡುವ ಈ ಪ್ರಾಣಿ ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಕೊಡಗಿನ ಶನಿವಾರಸಂತೆ ಸುತ್ತಿನ ಕಾಫಿ ಬೆಳೆಗಾರರು ರಾತ್ರಿ ಟಾರ್ಚು ಹಿಡಿದು ಇದನ್ನು ಚೀಲಗಟ್ಟಲೆ ಆಯ್ದಿದ್ದಾರೆ. ಅವರೆದುರು ಬಸವನಹುಳುವಿನ ಶುಶ್ರೂಷೆಯ ಮಾತಾಡುವುದು ಕಷ್ಟ, ಮತ್ತು ಅವರ ಸಿಟ್ಟು ನ್ಯಾಯವಾದದ್ದು.

ಗುರುತಿಸುವುದು ಕಷ್ಟವಲ್ಲ. ಆಫ್ರಿಕಾದ್ದರ ಚಿಪ್ಪು ಅಗಲಕ್ಕಿಂತ ಎತ್ತರ, ಶಂಖದಂತೆ ತುದಿ ಚೂಪು. ಕಂದು ಮೈಮೇಲೆ ಉದ್ದುದ್ದ ಕಡು ಗೀರುಗಳು. ಬಲಿತದ್ದು ಅಂಗೈ ತುಂಬುತ್ತದೆ, 20 ಸೆಂಟಿಮೀಟರ್‌ವರೆಗೂ ಬೆಳೆಯಬಲ್ಲದು. ನಮ್ಮ ತೋಟಗಳ ನಾಡ ಬಸವನಹುಳುಗಳಲ್ಲಿ ಹೆಚ್ಚಿನವು ಚಿಕ್ಕವು, ಚಿಪ್ಪು ಎತ್ತರಕ್ಕಿಂತ ಅಗಲ, ಚಪ್ಪಟೆ ಸುರುಳಿ. ದಕ್ಷಿಣ ಭಾರತದಲ್ಲಿ ಸಾಮಾನ್ಯವಾದ ಕ್ರಿಪ್ಟೋಜೋನಾ ಬಿಸ್ಟ್ರಿಯಾಲಿಸ್ ಆ ಬಗೆಯದು. ಪಶ್ಚಿಮಘಟ್ಟದಲ್ಲಿ 250ಕ್ಕೂ ಹೆಚ್ಚು ಜಾತಿಯ ನೆಲವಾಸಿ ಬಸವನಹುಳುಗಳಿವೆ, ಬಹುಪಾಲು ಜಗತ್ತಿನ ಬೇರೆಲ್ಲೂ ಇಲ್ಲ. ಕೆಂಪು, ಕಿತ್ತಳೆ ಮೈಯ ಇಂಡ್ರೆಲ್ಲಾ ಆಂಪುಲ್ಲಾವನ್ನು ಒಮ್ಮೆ ಘಟ್ಟದ ಕಾಡಿನಲ್ಲಿ ನೋಡಿದವರು ಮರೆಯುವುದಿಲ್ಲ. ಬೆಂಗಳೂರಿನ ಏಟ್ರೀ ಸಂಸ್ಥೆಯ ಎನ್.ಎ. ಅರವಿಂದ್ ಅವರಂಥ ಸಂಶೋಧಕರು ಈ ಜೀವಿಗಳ ಲೆಕ್ಕ ಇಡುತ್ತಾ ಬಂದಿದ್ದಾರೆ. ಸುಣ್ಣ ಕಡಿಮೆಯಿರುವ ನೆಲದ ಇಂಡ್ರೆಲ್ಲಾದಂಥವುಗಳ ಚಿಪ್ಪು ತೆಳು, ಬೇಗ ಒಡೆಯುತ್ತದೆ. ಅಂಥದ್ದೊಂದು ಗಾಯಗೊಂಡು ಸಿಕ್ಕರೆ ಮೇಲೆ ಹೇಳಿದ ಆರೈಕೆಯೆಲ್ಲ ಅದಕ್ಕೆ ಸಲ್ಲಬೇಕು.

ಸಿಕ್ಕಿದ್ದು ಆಫ್ರಿಕಾದ್ದೇ ಆದರೆ? ಅದಕ್ಕೂ ತನ್ನ ಜೀವ ತನಗೆ ದೊಡ್ಡದು. 1847ರ ತಪ್ಪು ಅದರದ್ದಲ್ಲ. ಆದರೂ ವಾಸಿ ಮಾಡಿ ತೋಟಕ್ಕೆ ಬಿಟ್ಟರೆ ಆ ಉಪಕಾರದ ಬೆಲೆ ತೆರುವುದು ಪಕ್ಕದ ತೋಟ ಮತ್ತು ನಾಡ ಬಸವನಹುಳುಗಳು. ಬಿಡಬಾರದು ಎಂಬುದು ಈ ಅಂಕಣದ ಅಭಿಪ್ರಾಯ. ಇನ್ನೊಂದು ಕಾರಣವೂ ಇದೆ. ಇಲಿಗಳ ಶ್ವಾಸಕೋಶದಲ್ಲಿ ಬೆಳೆಯುವ ಹುಳುವೊಂದರ ಮರಿಗಳು ಇಲಿಯ ಹಿಕ್ಕೆಯ ಮೂಲಕ ಬಸವನಹುಳುವಿನ ಮೈ ಸೇರುತ್ತವೆ; ಅಲ್ಲಿಂದ ಮನುಷ್ಯರ ಹೊಟ್ಟೆಗೆ ಹೋದರೆ ಮಿದುಳಿನ ಪೊರೆಯ ಉರಿಯೂತ ತರಬಲ್ಲವು. ಕೇರಳದಲ್ಲಿ ಈ ಬಗೆಯ ಕಾಯಿಲೆ ದಾಖಲಾಗಿದೆ. ನಾಡ ಬಸವನಹುಳುಗಳೂ ಈ ಹುಳುವನ್ನು ಹೊರಬಲ್ಲವಾದ್ದರಿಂದ ಗ್ಲೌಸ್, ಸೋಪು ಎಲ್ಲ ಜಾತಿಗೂ ಬೇಕು. ಲೋಳೆ ತಾಗಿದ ಕೈಯನ್ನು ಮಗು ಬಾಯಿಗೆ ಹಾಕದಂತೆ ನೋಡಿಕೊಳ್ಳಬೇಕು.

ಆಫ್ರಿಕಾದ್ದನ್ನು, ಅಥವಾ ಉಳಿಯುವ ಆಸೆಯಿಲ್ಲದ ಯಾವುದೇ ಬಸವನಹುಳುವನ್ನು ಮುಗಿಸುವುದಾದರೆ ಉಪ್ಪು ಸುರಿಯುವುದು ಕ್ರೂರ. ಅದು ನಿಧಾನಕ್ಕೆ ಸಾಯುತ್ತದೆ. ಪ್ರಯೋಗಾಲಯಗಳಿಗೆ 2016ರಲ್ಲಿ ಸೂಚಿಸಲಾದ ಕ್ರಮದಲ್ಲಿ ಮೊದಲು ಶೇ. 5ರಷ್ಟು ಮದ್ಯಸಾರವಿರುವ ದ್ರವದಲ್ಲಿ, ಬಿಯರ್ ಆದರೂ ಆದೀತು, ಮುಳುಗಿಸಿ ಹುಳು ನಿಶ್ಚೇಷ್ಟಿತವಾದ ಮೇಲೆ ಶೇ. 95ರ ಮದ್ಯಸಾರಕ್ಕೆ ಹಾಕುತ್ತಾರೆ. ಮನೆಯಲ್ಲಿ ಅಷ್ಟು ಮಾಡಲಾಗದವರು ದಪ್ಪ ಕವರಿನಲ್ಲಿಟ್ಟು ಭಾರದ ಕಲ್ಲಿನಿಂದ ಒಂದೇ ಪೆಟ್ಟಿಗೆ ಮುಗಿಸಿ, ಆಳವಾಗಿ ಹೂಳಬೇಕು. ಓದಲು ಕಠಿಣ ಎನಿಸುತ್ತದೆ. ಗಂಟೆಗಟ್ಟಲೆ ನರಳಲು ಬಿಡುವುದು ಅದಕ್ಕಿಂತ ಕಠಿಣ. ತೋಟದಲ್ಲಿ ಮೆಟಾಲ್ಡಿಹೈಡ್ ಗುಳಿಗೆ ಎಸೆಯುವ ಅಭ್ಯಾಸವಂತೂ ಮನೆ ಮಟ್ಟಿಗೆ ಬೇಡವೇ ಬೇಡ. ಅದು ಆಫ್ರಿಕಾದ್ದು, ನಾಡಿನದ್ದು ಎಂದು ನೋಡದೆ ಎಲ್ಲವನ್ನೂ ಕೊಲ್ಲುತ್ತದೆ, ತಿಂದ ನಾಯಿಗೂ ಪ್ರಾಣಾಪಾಯ. ಒದ್ದೆ ಗೋಣಿಚೀಲ ಹಾಸಿ ಅದರಡಿ ಪರಂಗಿ ಎಲೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಬಂದು ಸೇರಿರುತ್ತವೆ. ಕೈಯಿಂದ ಆಯುವಾಗ ಯಾವುದು ಯಾವುದೆಂದು ನೋಡಿ, ನಾಡಿನದ್ದನ್ನು ಬಿಟ್ಟುಬಿಡಬಹುದು.

ವಾಸಿಯಾದ ನಾಡ ಬಸವನಹುಳುವನ್ನು ಯಾವಾಗ ಬಿಡಬೇಕು ಎನ್ನಲು ತೇಪೆಯೇ ಸಾಕ್ಷಿ. ಬೆರಳಿನಿಂದ ಬಹಳ ಹಗುರವಾಗಿ ಮುಟ್ಟಿದಾಗ ಅದು ಒಳಸರಿಯದೆ ನಿಂತರೆ, ಹುಳು ರಾತ್ರಿ ಹೊರಬಂದು ತಿನ್ನುತ್ತಿದ್ದರೆ, ಆಗ ಬಿಡಬಹುದು. ಸಣ್ಣ ಬಿರುಕಿಗೆ ಎರಡು ಮೂರು ವಾರ, ದೊಡ್ಡ ತೂತಿಗೆ ಒಂದು ತಿಂಗಳಿಗಿಂತ ಹೆಚ್ಚು ಹಿಡಿಯುವುದು ಸಾಮಾನ್ಯ. ಸಿಕ್ಕಿದ ಜಾಗದ ಹತ್ತಿರವೇ, ತರಗೆಲೆ ಇರುವಲ್ಲಿ, ಮಳೆ ಬಿದ್ದ ಸಂಜೆ ಬಿಡಬೇಕು. ಬಿಸಿಲಿನ ಹೊತ್ತು ಬೇಡ. ಬಿಡುವ ಮೊದಲು ಅಕ್ಕಪಕ್ಕದವರು ತೋಟಕ್ಕೆ ಗುಳಿಗೆ ಹಾಕಿದ್ದಾರೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಮಳೆ ನಿಂತು ಚಳಿ, ಒಣಹವೆ ಶುರುವಾದ ಮೇಲೆ ವಾಸಿಯಾದದ್ದನ್ನು ಡಬ್ಬಿಯಲ್ಲೇ ಇಟ್ಟುಕೊಂಡು, ಅದು ಬಾಯಿಗೆ ಪರದೆ ಹಾಕಿಕೊಂಡು ಮಲಗಿದರೆ ಮಲಗಲು ಬಿಟ್ಟು, ಮುಂಗಾರಿನ ಮೊದಲ ಒಳ್ಳೆಯ ಮಳೆ ಬಂದ ವಾರ ಹೊರಗೆ ಬಿಡಬಹುದು.